ಬೋರ್ಡನ್ನು ಓದುವ ವಿದ್ಯೆ ಬೆಳೆಯಲಿ, ನಕಲು ಮಾರುವ ಚಾಳಿ ನಿಲ್ಲಲಿ

ಕೈಗಾರಿಕಾ ಯಂತ್ರದ ಉಕ್ಕಿನ ಶರೀರಕ್ಕೆ ಮೂವತ್ತು ನಲವತ್ತು ವರ್ಷಗಳ ಆಯುಷ್ಯವುಂಟು. ಅದನ್ನು ನಡೆಸುವ ವಿದ್ಯುನ್ಮಾನ ಬೋರ್ಡಿಗೆ ಅಷ್ಟು ಆಯುಷ್ಯವಿಲ್ಲ. ಪೀಣ್ಯದ ಸಿಎನ್‌ಸಿ ಲೇತ್ ಆಗಲಿ, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಲ್ಲಿರುವ ಇಂಡಕ್ಷನ್ ಫರ್ನೇಸ್ ಆಗಲಿ, ದೊಡ್ಡಬಳ್ಳಾಪುರದ ಎಲೆಕ್ಟ್ರಾನಿಕ್ ಜಕಾರ್ಡ್ ಆಗಲಿ, ಹಾಸಿಗೆ ಗಟ್ಟಿಯಾಗಿದ್ದು, ಮೋಟಾರು ಸುಸ್ಥಿತಿಯಲ್ಲಿದ್ದು, ಅಂಗೈಯಗಲದ ಒಂದು ಕಾರ್ಡು ಕೆಟ್ಟ ಮಾತ್ರಕ್ಕೆ ಇಡೀ ಯಂತ್ರ ಮೂಲೆ ಸೇರುವ ಪ್ರಸಂಗಗಳು ನಮ್ಮ ಸದಸ್ಯ ಬಾಂಧವರಿಗೆ ಅಪರಿಚಿತವಲ್ಲ. ತಯಾರಕರಿಗೆ ಬರೆದರೆ ಆ ಮಾದರಿ ನಿಂತು ಎಷ್ಟೋ ವರ್ಷಗಳಾದವು ಎಂಬ ಉತ್ತರ ಬರುತ್ತದೆ. ಕೆಲವೊಮ್ಮೆ ಉತ್ತರ ಕೊಡಲು ಆ ಕಂಪನಿಯೇ ಉಳಿದಿರುವುದಿಲ್ಲ.

ಇಂತಹ ಸಂದರ್ಭದಲ್ಲಿ ಉದ್ಯಮಿಯ ಮುಂದೆ ಮೂರು ದಾರಿಗಳಿರುತ್ತವೆ. ಯಂತ್ರವನ್ನು ಗುಜರಿಗೆ ಹಾಕಿ ಹೊಸದನ್ನು ಸಾಲ ಮಾಡಿ ಕೊಳ್ಳುವುದು ಮೊದಲನೆಯದು. ಎಲ್ಲಿಂದಲೋ ಬಂದ, ಹೆಸರಿಲ್ಲದ ನಕಲು ಬೋರ್ಡನ್ನು ಕೊಂಡು ದೇವರ ಮೇಲೆ ಭಾರ ಹಾಕುವುದು ಎರಡನೆಯದು. ಕೆಟ್ಟ ಬೋರ್ಡನ್ನು ಬಿಚ್ಚಿ, ಅದರ ಸರ್ಕ್ಯೂಟ್ ನಕ್ಷೆಯನ್ನು ಕೈಯಿಂದಲೇ ಪುನಃ ಬರೆದು, ದುರಸ್ತಿ ಮಾಡುವುದು ಅಥವಾ ಹೊಸ ಬೋರ್ಡನ್ನು ತಯಾರಿಸಿಕೊಳ್ಳುವುದು ಮೂರನೆಯದು. ಈ ಮೂರನೆಯ ದಾರಿಯನ್ನು ‘ರಿವರ್ಸ್ ಎಂಜಿನಿಯರಿಂಗ್’ ಎಂದು ಕರೆಯುತ್ತಾರೆ. ಈ ಪದ ಕಿವಿಗೆ ಬಿದ್ದೊಡನೆ ಅನೇಕರ ಮನಸ್ಸಿನಲ್ಲಿ ಕಳ್ಳತನದ ಚಿತ್ರ ಮೂಡುತ್ತದೆ. ಇದು ನಮ್ಮ ಕೈಗಾರಿಕೆಗೆ ನಷ್ಟವುಂಟುಮಾಡಿರುವ ತಪ್ಪು ಕಲ್ಪನೆ. ಬೋರ್ಡನ್ನು ಓದುವುದು ಒಂದು ವಿದ್ಯೆ. ಓದಿದ್ದನ್ನು ಪರರ ಹೆಸರಿನಲ್ಲಿ, ಅಥವಾ ಪರರ ಶ್ರಮವನ್ನೇ ಬಂಡವಾಳವಾಗಿಸಿಕೊಂಡು ಮಾರುವುದು ಬೇರೆಯೇ ಕೃತ್ಯ. ಮೊದಲನೆಯದಕ್ಕೆ ನಮ್ಮ ವಾಣಿಜ್ಯ ಮಂಡಳಿ ಬಹಿರಂಗವಾಗಿ ಬೆಂಬಲ ನೀಡಬೇಕು, ಎರಡನೆಯದನ್ನು ಅಷ್ಟೇ ಬಹಿರಂಗವಾಗಿ ತಿರಸ್ಕರಿಸಬೇಕು ಎಂಬುದು ಈ ಲೇಖನದ ಆಶಯ.

ಕೈಯಿಂದ ನಕ್ಷೆ ತೆಗೆಯುವ ಕ್ರಮ

ಈ ಕೆಲಸದ ಸ್ವರೂಪವನ್ನು ಅರಿಯದೆ ಅದರ ನ್ಯಾಯಾನ್ಯಾಯಗಳನ್ನು ಚರ್ಚಿಸುವುದು ಸಲ್ಲದು. ಸಾಮಾನ್ಯ ಬೋರ್ಡು ಎಂದರೆ ಸುಮಾರು 1.6 ಮಿಲಿಮೀಟರ್ ದಪ್ಪದ ಗಾಜಿನ ನಾರು ಮತ್ತು ಎಪಾಕ್ಸಿಯ ಹಲಗೆ. ಅದರ ಮೇಲೆ ಹೆಚ್ಚಾಗಿ 35 ಮೈಕ್ರಾನ್ ದಪ್ಪದ ತಾಮ್ರದ ಗೆರೆಗಳಿರುತ್ತವೆ. ಹಳೆಯ ಕೈಗಾರಿಕಾ ಕಾರ್ಡುಗಳಲ್ಲಿ ಬಹುಪಾಲು ಒಂದು ಅಥವಾ ಎರಡು ಪದರದವು. ಅಂದರೆ ಎಲ್ಲ ಟ್ರ್ಯಾಕುಗಳೂ ಕಣ್ಣಿಗೆ ಕಾಣುತ್ತವೆ.

ತಂತ್ರಜ್ಞನು ಮೊದಲು ಬೋರ್ಡಿನ ಎರಡೂ ಬದಿಗಳ ಛಾಯಾಚಿತ್ರ ತೆಗೆದುಕೊಳ್ಳುತ್ತಾನೆ. ಪ್ರತಿಯೊಂದು ಬಿಡಿಭಾಗದ ಸ್ಥಾನ, ದಿಕ್ಕು, ಮೇಲಿನ ಬರಹ ಎಲ್ಲವನ್ನೂ ಪಟ್ಟಿ ಮಾಡುತ್ತಾನೆ. ಅನಂತರ ಬಿಡಿಭಾಗಗಳನ್ನು ಒಂದೊಂದಾಗಿ ಬಿಚ್ಚಿ, ರೆಸಿಸ್ಟರು ಕೆಪಾಸಿಟರುಗಳನ್ನು ಬೋರ್ಡಿನ ಹೊರಗೆ ಅಳೆಯುತ್ತಾನೆ. ಬರಿದಾದ ಬೋರ್ಡನ್ನು ಸ್ವಚ್ಛಗೊಳಿಸಿ ಸ್ಕ್ಯಾನರಿನ ಮೇಲಿಟ್ಟು ಚಿತ್ರ ತೆಗೆದು, ಕೆಳಬದಿಯ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಮೇಲ್ಬದಿಯ ಚಿತ್ರದೊಂದಿಗೆ ಹೊಂದಿಸುತ್ತಾನೆ. ಆಮೇಲಿನದು ತಾಳ್ಮೆಯ ಕೆಲಸ. ಮಲ್ಟಿಮೀಟರಿನ ಬೀಪ್ ಸದ್ದನ್ನು ಆಲಿಸುತ್ತ, ಯಾವ ಕಾಲು ಯಾವ ಕಾಲಿಗೆ ಕೂಡಿಕೊಂಡಿದೆ ಎಂದು ಒಂದೊಂದಾಗಿ ಪರೀಕ್ಷಿಸಿ ಗುರುತು ಹಾಕಬೇಕು. ನೂರರಷ್ಟು ಬಿಡಿಭಾಗಗಳಿರುವ ಎರಡು ಪದರದ ಬೋರ್ಡು ಅನುಭವಿಯಾದವನಿಗೂ ಹಲವು ದಿನಗಳ ಕೆಲಸ. ನಾಲ್ಕು ಅಥವಾ ಆರು ಪದರದ ಬೋರ್ಡಾದರೆ ಒಳಪದರಗಳನ್ನು ನೋಡಲು ಎಕ್ಸ್-ರೇ ಬೇಕು, ಇಲ್ಲವೇ ಒಂದು ಬೋರ್ಡನ್ನು ಮರಳು ಕಾಗದದಿಂದ ಪದರ ಪದರವಾಗಿ ಉಜ್ಜಿ ಬಲಿ ಕೊಡಬೇಕು.

ಆದರೆ ನಿಜವಾದ ವಿದ್ಯೆ ಇರುವುದು ಇದರ ಮುಂದಿನ ಹಂತದಲ್ಲಿ. ಹೀಗೆ ದೊರೆತ ಸಂಪರ್ಕಗಳ ಪಟ್ಟಿ ಸಿಕ್ಕುಬಿದ್ದ ನೂಲಿನ ಉಂಡೆಯಂತೆ ಇರುತ್ತದೆ. ಅದನ್ನು ಬಿಡಿಸಿ, ಇದು ವಿದ್ಯುತ್ ಪೂರೈಕೆಯ ಭಾಗ, ಇದು ಮೋಟಾರಿಗೆ ಆಜ್ಞೆ ಕೊಡುವ ಭಾಗ, ಇದು ಅತಿಪ್ರವಾಹವಾದಾಗ ಯಂತ್ರವನ್ನು ನಿಲ್ಲಿಸುವ ಭಾಗ ಎಂದು ಅರ್ಥವತ್ತಾದ ನಕ್ಷೆಯಾಗಿ ಬರೆಯುವವನಿಗೆ ಬೋರ್ಡು ತಿಳಿದಿದೆ ಎಂದರ್ಥ. ನಕ್ಷೆ ಸಿಕ್ಕ ಮೇಲೆ ಅನೇಕ ವೇಳೆ ಹೊಸ ಬೋರ್ಡಿನ ಅಗತ್ಯವೇ ಬೀಳುವುದಿಲ್ಲ. ಒಂದು ಆಪ್ಟೋಕಪ್ಲರ್ ಅಥವಾ ಒಣಗಿಹೋದ ಒಂದು ಕೆಪಾಸಿಟರ್ ಬದಲಿಸಿದರೆ ಯಂತ್ರ ನಡೆಯುತ್ತದೆ. ಉಚಿತವಾಗಿ ದೊರೆಯುವ ಕೈಕ್ಯಾಡ್‌ನಂತಹ ತಂತ್ರಾಂಶಗಳಿರುವ ಈ ಕಾಲದಲ್ಲಿ ಇದಕ್ಕೆ ದೊಡ್ಡ ಬಂಡವಾಳವೇನೂ ಬೇಡ. ಬೇಕಾದದ್ದು ಕಣ್ಣು, ಕೈ ಮತ್ತು ತಾಳ್ಮೆ.

ಕಾನೂನು ಏನು ಹೇಳುತ್ತದೆ?

ಕಾನೂನುಬದ್ಧವಾಗಿ ಕೊಂಡ ವಸ್ತುವನ್ನು ಬಿಚ್ಚಿ ಅದರ ಕಾರ್ಯವಿಧಾನವನ್ನು ಅರಿಯುವುದು ಅಪರಾಧವಲ್ಲ. ವ್ಯಾಪಾರ ರಹಸ್ಯವನ್ನು ಅರಿಯಲು ಇದೊಂದು ನ್ಯಾಯಯುತ ಮಾರ್ಗವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1974ರಲ್ಲಿಯೇ ಕೆವಾನಿ ಆಯಿಲ್ ಪ್ರಕರಣದಲ್ಲಿ ಹೇಳಿದೆ. ನಮ್ಮ ದೇಶದ ಕಾನೂನುಗಳಲ್ಲಿಯೂ ಇದೇ ಭಾವ ಕಾಣುತ್ತದೆ. 2000ನೇ ಇಸವಿಯ ಅರೆವಾಹಕ ಸಂಯೋಜಿತ ಮಂಡಲಗಳ ವಿನ್ಯಾಸ ಕಾಯಿದೆಯು ನೋಂದಾಯಿತ ಚಿಪ್ ವಿನ್ಯಾಸಕ್ಕೆ 10 ವರ್ಷಗಳ ರಕ್ಷಣೆ ನೀಡುತ್ತದೆ. ಹಾಗಿದ್ದರೂ ವೈಜ್ಞಾನಿಕ ವಿಶ್ಲೇಷಣೆ, ಸಂಶೋಧನೆ ಮತ್ತು ಬೋಧನೆಯ ಉದ್ದೇಶಕ್ಕೆ ಅದು ವಿನಾಯಿತಿಯನ್ನೂ ಕೊಟ್ಟಿದೆ. ಈ ಕಾಯಿದೆ ಚಿಪ್ಪಿನ ಒಳಗಿನ ವಿನ್ಯಾಸಕ್ಕೆ ಸಂಬಂಧಿಸಿದ್ದೇ ಹೊರತು, ಚಿಪ್ಪುಗಳನ್ನು ಕೂರಿಸುವ ಬೋರ್ಡಿಗೆ ಅಲ್ಲ ಎಂಬುದನ್ನೂ ಗಮನಿಸಬೇಕು. 1957ರ ಕೃತಿಸ್ವಾಮ್ಯ ಕಾಯಿದೆಯ 52ನೆಯ ಕಲಂ ಕೂಡ, ತಂತ್ರಾಂಶದ ಹಿಂದಿನ ತತ್ತ್ವಗಳನ್ನು ಅರಿಯಲು ಅದರ ಕಾರ್ಯವನ್ನು ಗಮನಿಸಿ ಪರೀಕ್ಷಿಸುವುದಕ್ಕೂ, ನಾಶದ ಭಯಕ್ಕೆ ರಕ್ಷಣಾ ಪ್ರತಿ ಇಟ್ಟುಕೊಳ್ಳುವುದಕ್ಕೂ ಅವಕಾಶ ನೀಡುತ್ತದೆ.

ಆದರೆ ಇವು ಯಾವುವೂ ನಕಲು ಮಾರಲು ಕೊಟ್ಟ ಪರವಾನಗಿಯಲ್ಲ. ಪೇಟೆಂಟ್ ಜಾರಿಯಲ್ಲಿರುವ ಸಾಧನವನ್ನು ಹೊಸದಾಗಿ ತಯಾರಿಸಲು ಸ್ವಾಮ್ಯದಾರನ ಒಪ್ಪಿಗೆ ಬೇಕು. ಪೇಟೆಂಟಿನ ಅವಧಿ 20 ವರ್ಷ. ಆದ್ದರಿಂದ ಅದಕ್ಕೂ ಹಿಂದೆ ಮಾರುಕಟ್ಟೆಗೆ ಬಂದ ಯಂತ್ರದಲ್ಲಿ ಈ ತೊಡಕು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಬೋರ್ಡಿನ ಮೇಲಿನ ಮೈಕ್ರೊಕಂಟ್ರೋಲರಿನಲ್ಲಿರುವ ತಂತ್ರಾಂಶಕ್ಕೆ ಕೃತಿಸ್ವಾಮ್ಯವುಂಟು. ಅದನ್ನು ಎತ್ತಿ ಹತ್ತು ಬೋರ್ಡುಗಳಿಗೆ ತುಂಬಿ ಮಾರುವುದು ಉಲ್ಲಂಘನೆ. ಟ್ರ್ಯಾಕುಗಳ ಮೂಲಚಿತ್ರವನ್ನು ಗೆರೆಗೆ ಗೆರೆ ಇಳಿಸಿಕೊಳ್ಳುವುದೂ ಕೃತಿಸ್ವಾಮ್ಯದ ಪ್ರಶ್ನೆಯನ್ನು ಎಬ್ಬಿಸಬಹುದು. ಮೂಲ ತಯಾರಕನ ಲಾಂಛನವನ್ನೇ ಅಚ್ಚೊತ್ತಿದರಂತೂ 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯ 103ನೆಯ ಕಲಮಿನ ಪ್ರಕಾರ 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸದ ಶಿಕ್ಷೆಯಿದೆ. ಯಂತ್ರ ಕೊಳ್ಳುವಾಗ ಸಹಿ ಹಾಕಿದ ಕರಾರಿನಲ್ಲಿ ಏನಾದರೂ ನಿರ್ಬಂಧವಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು. ಸಂದೇಹವಿರುವಲ್ಲಿ ವಕೀಲರ ಸಲಹೆಗೆ ತಗಲುವ ವೆಚ್ಚ ಮುಂದಿನ ವ್ಯಾಜ್ಯದ ವೆಚ್ಚಕ್ಕಿಂತ ಕಡಿಮೆ.

ಒಂದು ಹಳೆಯ ಪಾಠ

ಓದುವುದಕ್ಕೂ ಕದಿಯುವುದಕ್ಕೂ ಇರುವ ಅಂತರವನ್ನು ಕಂಪ್ಯೂಟರ್ ಉದ್ಯಮದ ಇತಿಹಾಸ ಸ್ಪಷ್ಟವಾಗಿ ತೋರಿಸಿಕೊಟ್ಟಿದೆ. ಐಬಿಎಂ ಕಂಪನಿ 1981ರಲ್ಲಿ ತನ್ನ ವೈಯಕ್ತಿಕ ಕಂಪ್ಯೂಟರನ್ನು ಮಾರುಕಟ್ಟೆಗೆ ತಂದಾಗ, ಅದರ ಸರ್ಕ್ಯೂಟ್ ನಕ್ಷೆಗಳನ್ನೂ ‘ಬಯಾಸ್’ ಎಂಬ ಮೂಲ ತಂತ್ರಾಂಶದ ಪೂರ್ಣ ಪಾಠವನ್ನೂ ತಾಂತ್ರಿಕ ಕೈಪಿಡಿಯಲ್ಲಿ ಪ್ರಕಟಿಸಿತ್ತು. ಬಿಡಿಭಾಗಗಳು ಹೆಚ್ಚಾಗಿ ಪೇಟೆಯಲ್ಲಿ ಸಿಗುವಂತಹವೇ ಆಗಿದ್ದವು. ಹೀಗಾಗಿ ಅದರಂತೆಯೇ ನಡೆಯುವ ಯಂತ್ರಗಳನ್ನು ಹಲವರು ತಯಾರಿಸತೊಡಗಿದರು.

ಕಾಂಪ್ಯಾಕ್ ಕಂಪನಿ ಬಯಾಸನ್ನು ನೇರವಾಗಿ ನಕಲು ಮಾಡಲಿಲ್ಲ. ಒಂದು ತಂಡ ಮೂಲವನ್ನು ಅಭ್ಯಸಿಸಿ, ಅದು ಏನು ಮಾಡುತ್ತದೆ ಎಂಬುದನ್ನು ಮಾತ್ರ ಬರೆದುಕೊಟ್ಟಿತು. ಮೂಲವನ್ನು ನೋಡಿಯೇ ಇರದ ಇನ್ನೊಂದು ತಂಡ ಆ ವಿವರಣೆಯ ಆಧಾರದ ಮೇಲೆ ಹೊಸದಾಗಿ ತಂತ್ರಾಂಶ ರಚಿಸಿತು. ಆ ಕಂಪನಿ ಬೆಳೆದು ದೊಡ್ಡದಾಯಿತು. ಇತ್ತ ಈಗಲ್ ಮತ್ತು ಕರೋನಾ ಎಂಬ ಕಂಪನಿಗಳ ಮೇಲೆ ಬಯಾಸ್ ನಕಲಿನ ಆರೋಪ ಹೊರಿಸಿ ಐಬಿಎಂ 1984ರಲ್ಲಿ ದಾವೆ ಹೂಡಿತು. ಅವು ರಾಜಿ ಮಾಡಿಕೊಂಡು ತಮ್ಮ ತಂತ್ರಾಂಶವನ್ನು ಬದಲಿಸಬೇಕಾಯಿತು. ಎಲ್ಲರೂ ಅದೇ ಯಂತ್ರವನ್ನೇ ಅನುಸರಿಸಿದ್ದರು. ತಿಳಿದು ಬರೆದವರು ಉಳಿದರು, ಎತ್ತಿ ಹಾಕಿದವರು ನ್ಯಾಯಾಲಯದ ಮೆಟ್ಟಿಲು ಹತ್ತಿದರು.

ನಕಲಿನಲ್ಲಿ ಕಳೆದುಹೋಗುವ ಅಂಶಗಳು

ಕಾನೂನಿನ ಮಾತು ಹಾಗಿರಲಿ. ಅಂಧಾನುಕರಣೆ ವ್ಯಾಪಾರದ ದೃಷ್ಟಿಯಿಂದಲೂ ನಷ್ಟದ ಬಾಬ್ತು. ಹುಲಿಯನ್ನು ನೋಡಿ ನರಿ ಮೈಗೆ ಬರೆ ಹಾಕಿಕೊಂಡ ಗಾದೆಯನ್ನು ನಾವೆಲ್ಲ ಬಲ್ಲೆವು. ಬೋರ್ಡಿನ ವಿಷಯದಲ್ಲಿ ಇದು ಅಕ್ಷರಶಃ ನಿಜ. ಗೆರೆಗಳು ಕಣ್ಣಿಗೆ ಕಾಣುತ್ತವೆ, ಗೆರೆಗಳ ಕಾರಣ ಕಾಣುವುದಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ವಿದ್ಯುತ್ ಪೂರೈಕೆಯ ಅನೇಕ ಬೋರ್ಡುಗಳಲ್ಲಿ 230 ವೋಲ್ಟಿನ ಭಾಗಕ್ಕೂ ಕಡಿಮೆ ವೋಲ್ಟೇಜಿನ ಭಾಗಕ್ಕೂ ನಡುವೆ ಉದ್ದನೆಯ ಒಂದು ಸೀಳು ಕೊರೆದಿರುತ್ತಾರೆ. ಅಲ್ಲಿ ಟ್ರ್ಯಾಕೂ ಇಲ್ಲ, ಬಿಡಿಭಾಗವೂ ಇಲ್ಲ. ನಕಲು ಮಾಡುವವನಿಗೆ ಅದು ವ್ಯರ್ಥವಾಗಿ ಕಾಣುತ್ತದೆ. ವಾಸ್ತವದಲ್ಲಿ ಧೂಳು ಮತ್ತು ತೇವ ಕೂಡಿ ಬೋರ್ಡಿನ ಮೇಲ್ಮೈಯಲ್ಲಿ ವಿದ್ಯುತ್ ಹರಿಯುವ ಹಾದಿಯಾಗದಂತೆ ತಡೆಯುವುದು ಆ ಸೀಳೇ. ಅದನ್ನು ಬಿಟ್ಟು ತಯಾರಿಸಿದ ಬೋರ್ಡು ಮೇಜಿನ ಮೇಲೆ ಚೆನ್ನಾಗಿಯೇ ನಡೆಯುತ್ತದೆ. ಮಳೆಗಾಲದಲ್ಲಿ, ಕಬ್ಬಿಣದ ಧೂಳು ತುಂಬಿದ ಫೌಂಡ್ರಿಯಲ್ಲಿ ಅದು ಕಾರ್ಮಿಕನ ಪ್ರಾಣಕ್ಕೇ ಸಂಚಕಾರ ತರಬಹುದು. ಬೆಂಕಿ ತಡೆಯುವ ಎಫ್‌ಆರ್-4 ಹಲಗೆಯ ಬದಲು ಅಗ್ಗದ ಹಲಗೆ ಬಳಸುವುದು, ನಿಗದಿತ ಸುರಕ್ಷಾ ಕೆಪಾಸಿಟರಿನ ಜಾಗದಲ್ಲಿ ಅದೇ ಮೌಲ್ಯದ ಸಾಧಾರಣ ಕೆಪಾಸಿಟರ್ ಕೂರಿಸುವುದು ಇವೂ ಇದೇ ಜಾತಿಯ ಪ್ರಮಾದಗಳು. ಮೂಲ ವಿನ್ಯಾಸದಲ್ಲಿಯೇ ದೋಷವಿದ್ದು, ತಯಾರಕ ಅದನ್ನು ಮುಂದಿನ ಆವೃತ್ತಿಯಲ್ಲಿ ಸರಿಪಡಿಸಿದ್ದರೆ, ಹಳೆಯ ಬೋರ್ಡಿನ ನಕಲಿನಲ್ಲಿ ಆ ದೋಷ ಹಾಗೆಯೇ ಮುಂದುವರಿಯುತ್ತದೆ.

ಅರ್ಧ ಕಲಿತ ವಿದ್ಯೆ ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ ಈ ಶತಮಾನದ ಆರಂಭದ ಕೆಪಾಸಿಟರ್ ಹಗರಣವನ್ನು ನೆನೆಯಬಹುದು. ಅಂದು ಲೆಕ್ಕವಿಲ್ಲದಷ್ಟು ಕಂಪ್ಯೂಟರ್ ಬೋರ್ಡುಗಳ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು ಅವಧಿಗೆ ಮುನ್ನವೇ ಉಬ್ಬಿ ಒಡೆದವು. ಕದ್ದು ತಂದ, ಆದರೆ ಅಪೂರ್ಣವಾಗಿದ್ದ ದ್ರಾವಣದ ಸೂತ್ರವೇ ಇದಕ್ಕೆ ಕಾರಣವಿರಬೇಕೆಂದು ಅಂದಿನ ತಾಂತ್ರಿಕ ಪತ್ರಿಕೆಗಳು ವರದಿ ಮಾಡಿದ್ದವು.

ವಿನ್ಯಾಸಕಾರರ ಅಳಲು

ನಕಲಿನಿಂದ ನಷ್ಟಕ್ಕೊಳಗಾಗುವವರು ವಿದೇಶಿ ಕಂಪನಿಗಳು ಮಾತ್ರವೆಂಬ ಭಾವನೆಯೂ ಸರಿಯಲ್ಲ. ಟೈಮರು, ಪಂಪ್ ಕಂಟ್ರೋಲರು, ಸ್ಟೆಬಿಲೈಸರು, ಮೋಟಾರು ಡ್ರೈವುಗಳನ್ನು ಸ್ವಂತ ಬುದ್ಧಿಯಿಂದ ವಿನ್ಯಾಸ ಮಾಡುವ ಸಣ್ಣ ಘಟಕಗಳು ನಮ್ಮ ರಾಜ್ಯದಲ್ಲಿವೆ. ವರ್ಷಗಟ್ಟಲೆ ದುಡಿದು, ಬೋರ್ಡು ಸುಟ್ಟು, ಮತ್ತೆ ತಿದ್ದಿ, ಕೊನೆಗೆ ಸಿದ್ಧಪಡಿಸಿದ ಉತ್ಪನ್ನವನ್ನು ಮತ್ತೊಬ್ಬ ಕೆಲವೇ ವಾರಗಳಲ್ಲಿ ಇಳಿಸಿಕೊಂಡು ಅರ್ಧ ಬೆಲೆಗೆ ಮಾರಿದರೆ, ಮುಂದೆ ವಿನ್ಯಾಸದ ಗೋಜಿಗೆ ಯಾರು ಹೋದಾರು? ನೆರೆಯ ಉದ್ಯಮಿಯ ಬೆವರನ್ನು ಮಾರಿ ಗಳಿಸಿದ ಲಾಭ ಇಡೀ ಕೈಗಾರಿಕಾ ವಸಾಹತಿಗೇ ನಷ್ಟ.

ಇದಕ್ಕೆ ಪ್ರತಿಯಾಗಿ ಕೆಲವು ವಿನ್ಯಾಸಕಾರರು ಚಿಪ್ಪುಗಳ ಮೇಲಿನ ಸಂಖ್ಯೆಯನ್ನು ಉಜ್ಜಿ ಅಳಿಸುತ್ತಾರೆ, ಇಲ್ಲವೇ ಇಡೀ ಬೋರ್ಡಿನ ಮೇಲೆ ಎಪಾಕ್ಸಿ ಸುರಿಯುತ್ತಾರೆ. ಅವರ ಸಂಕಟ ಅರ್ಥವಾಗುವಂಥದ್ದೇ. ಆದರೆ ಈ ಉಪಾಯದಿಂದ ತೊಂದರೆಗೊಳಗಾಗುವವನು ಕಳ್ಳನಿಗಿಂತ ಹೆಚ್ಚಾಗಿ ಪ್ರಾಮಾಣಿಕ ದುರಸ್ತಿಗಾರ. ಸಾವಿರ ನಕಲು ಮಾರುವ ಉದ್ದೇಶವಿದ್ದವನು ಶ್ರಮಪಟ್ಟು ಆ ಸಂಖ್ಯೆಯನ್ನು ಪತ್ತೆ ಹಚ್ಚಿಯೇ ಹಚ್ಚುತ್ತಾನೆ. ಒಂದು ಯಂತ್ರವನ್ನು ನಡೆಸಲು ಹೊರಟವನಿಗೆ ಅಷ್ಟು ವ್ಯವಧಾನವಿರುವುದಿಲ್ಲ. ಚಿಹ್ನೆಯನ್ನು ನೋಂದಾಯಿಸುವುದು, ವಿನ್ಯಾಸದ ಪ್ರತಿ ಹಂತವನ್ನೂ ದಿನಾಂಕದೊಡನೆ ದಾಖಲಿಸಿಡುವುದು, ಮೈಕ್ರೊಕಂಟ್ರೋಲರಿನ ಓದು-ತಡೆಯನ್ನು ಬಳಸುವುದು, ಎಲ್ಲಕ್ಕಿಂತ ಮಿಗಿಲಾಗಿ ಗ್ರಾಹಕನಿಗೆ ಸಕಾಲದಲ್ಲಿ ಬಿಡಿಭಾಗ ಒದಗಿಸುವುದು ಇವು ಹೆಚ್ಚು ಗಟ್ಟಿಯಾದ ರಕ್ಷಣೆಗಳು. ಬಿಡಿಭಾಗ ಸಿಗದಿದ್ದಾಗಲೇ ಗ್ರಾಹಕ ನಕಲಿನ ಕಡೆಗೆ ಮುಖ ಮಾಡುವುದು.

ಬೋರ್ಡು ಓದುವ ವಿದ್ಯೆಯನ್ನು ಹರಡಿದರೆ ನಕಲುಕೋರರ ಸಂಖ್ಯೆಯೂ ಹೆಚ್ಚುವುದಿಲ್ಲವೇ ಎಂದು ಕೆಲವರು ಆಕ್ಷೇಪಿಸಬಹುದು. ಬೀಗ ದುರಸ್ತಿ ಬಲ್ಲವನು ಬೀಗ ಒಡೆಯಲೂ ಬಲ್ಲ. ಹಾಗೆಂದು ಬೀಗ ದುರಸ್ತಿಯನ್ನು ಯಾರೂ ನಿಷೇಧಿಸಿಲ್ಲ. ನಕಲುಕೋರನಿಗೆ ಈ ವಿದ್ಯೆ ಈಗಾಗಲೇ ಗೊತ್ತಿದೆ. ಅದು ಗೊತ್ತಿಲ್ಲದೆ ಕೈಕಟ್ಟಿ ಕುಳಿತಿರುವವನು ಪ್ರಾಮಾಣಿಕ ಉದ್ಯಮಿ.

ಮಂಡಳಿ ಕೈಗೊಳ್ಳಬೇಕಾದ ಕ್ರಮಗಳು

2020ರಿಂದ 2022ರವರೆಗೆ ಜಗತ್ತನ್ನು ಕಾಡಿದ ಚಿಪ್ಪುಗಳ ಅಭಾವ, ಹೊರಗಿನ ಪೂರೈಕೆಯನ್ನೇ ನೆಚ್ಚಿಕೊಂಡವರ ಪಾಡನ್ನು ತೋರಿಸಿತು. ಕೇಂದ್ರ ಸರ್ಕಾರ 2022ರಲ್ಲಿ ದುರಸ್ತಿ ಹಕ್ಕಿನ ಕುರಿತು ಸಮಿತಿ ರಚಿಸಿತು. ಐರೋಪ್ಯ ಒಕ್ಕೂಟ 2024ರಲ್ಲಿ ಗೃಹಬಳಕೆಯ ವಸ್ತುಗಳ ದುರಸ್ತಿಯನ್ನು ಉತ್ತೇಜಿಸುವ ನಿರ್ದೇಶನ ಹೊರಡಿಸಿತು. 2025ರ ಮಾರ್ಚಿಯಲ್ಲಿ ಕೇಂದ್ರ ಸಚಿವ ಸಂಪುಟ ವಿದ್ಯುನ್ಮಾನ ಬಿಡಿಭಾಗಗಳ ತಯಾರಿಕೆಗೆ 22,919 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ನೀಡಿತು. ಬಹುಪದರದ ಬೋರ್ಡುಗಳ ತಯಾರಿಕೆಯೂ ಅದರಲ್ಲಿ ಸೇರಿದೆ. ತಯಾರಿಕೆಗೆ ಹಣ ಹರಿದುಬರುತ್ತಿರುವ ಈ ಹೊತ್ತಿನಲ್ಲಿ, ವಿನ್ಯಾಸವನ್ನು ಓದಬಲ್ಲ ಕೈಗಳನ್ನು ಸಿದ್ಧಪಡಿಸದಿದ್ದರೆ ನಾವು ಪರರ ನಕ್ಷೆಗೆ ತಾಮ್ರ ಎರೆಯುವವರಾಗಿಯೇ ಉಳಿಯುತ್ತೇವೆ. ಈ ನಿಟ್ಟಿನಲ್ಲಿ ಮಂಡಳಿಯ ಪರಿಶೀಲನೆಗೆ ಕೆಲವು ಸಲಹೆಗಳು ಇಂತಿವೆ.

ಮೊದಲನೆಯದಾಗಿ, ಯಂತ್ರ ಖರೀದಿಯ ಆದೇಶಪತ್ರಕ್ಕೆ ಮಂಡಳಿಯೇ ಒಂದು ಮಾದರಿ ಷರತ್ತನ್ನು ರಚಿಸಿಕೊಡಬೇಕು. ಸರ್ಕ್ಯೂಟ್ ನಕ್ಷೆ, ಬಿಡಿಭಾಗಗಳ ಪಟ್ಟಿ, ತಂತ್ರಾಂಶದ ರಕ್ಷಣಾ ಪ್ರತಿ ಇವುಗಳನ್ನು ಯಂತ್ರದ ಜೊತೆಗೇ ಕೊಡಬೇಕೆಂದೂ, ಮಾದರಿಯನ್ನು ನಿಲ್ಲಿಸುವ ಮುನ್ನ ಲಿಖಿತ ಸೂಚನೆ ನೀಡಬೇಕೆಂದೂ ಅದರಲ್ಲಿರಬೇಕು. ಒಬ್ಬೊಬ್ಬರೇ ಕೇಳಿದರೆ ಮಾರಾಟಗಾರ ಕಿವಿಗೊಡಲಾರ. ಎಲ್ಲ ಸದಸ್ಯರೂ ಒಂದೇ ಒಕ್ಕಣೆಯಲ್ಲಿ ಕೇಳಿದರೆ ತೂಕ ಬರುತ್ತದೆ.

ಎರಡನೆಯದಾಗಿ, ಬೋರ್ಡು ತಯಾರಿಸಿಕೊಡುವ ಸದಸ್ಯ ಘಟಕಗಳಿಗೆ ಒಂದು ಕಟ್ಟುಪಾಡು ಬೇಕು. ಗ್ರಾಹಕ ವಿನ್ಯಾಸದ ಕಡತ ತರದೆ ಕೇವಲ ಮಾದರಿ ಬೋರ್ಡನ್ನು ತಂದು ‘ಇಂಥದ್ದೇ ಮಾಡಿಕೊಡಿ’ ಎಂದಾಗ ನಾಲ್ಕು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆಸಿಕೊಳ್ಳಬೇಕು. ಇದು ತಮ್ಮದೇ ಯಂತ್ರದ ದುರಸ್ತಿಗೋ, ಮಾರಾಟಕ್ಕೋ? ಮೂಲ ತಯಾರಕರಿಂದ ಈಗಲೂ ಇದು ದೊರೆಯುತ್ತದೆಯೇ? ಎಷ್ಟು ಪ್ರತಿಗಳು ಬೇಕು? ಬೋರ್ಡಿನ ಮೇಲೆ ಯಾರ ಹೆಸರು ಮುದ್ರಿತವಾಗಬೇಕು? ತನ್ನ ನಿಂತ ಯಂತ್ರಕ್ಕೆ ಎರಡು ಬೋರ್ಡು ಕೇಳುವವನಿಗೆ ಈ ಪ್ರಶ್ನೆಗಳಿಂದ ಕಷ್ಟವಿಲ್ಲ. ಪರರ ಲಾಂಛನದೊಡನೆ ಐನೂರು ಕೇಳುವವನಿಗೆ ಮಾತ್ರ ಕಷ್ಟ.

ಮೂರನೆಯದಾಗಿ, ಹೊಸದಾಗಿ ಮಾಡಿದ ಪ್ರತಿಯೊಂದು ದುರಸ್ತಿ ಬೋರ್ಡಿನ ಮೇಲೆಯೂ ಅದನ್ನು ಮಾಡಿದವರ ಹೆಸರು ಮತ್ತು ದಿನಾಂಕವಿರಬೇಕು. ಅದರೊಂದಿಗೆ ನಕ್ಷೆ ಮತ್ತು ನಿರೋಧನ ಪರೀಕ್ಷೆಯ ವರದಿಯನ್ನು ಕೊಡಬೇಕು. ತನ್ನ ಹೆಸರು ಹಾಕಲು ಹಿಂಜರಿಯುವವನ ಬೋರ್ಡನ್ನು ಯಂತ್ರಕ್ಕೆ ಹಾಕಬಾರದು.

ನಾಲ್ಕನೆಯದಾಗಿ, ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಸಹಕಾರದಿಂದ ಬೋರ್ಡು ಓದುವ ಅಲ್ಪಾವಧಿ ತರಬೇತಿಯನ್ನು ಏರ್ಪಡಿಸಬೇಕು. ಎಸ್.ಪಿ. ರಸ್ತೆಯ ಆಸುಪಾಸಿನಲ್ಲಿ ಪದವಿಯಿಲ್ಲದೆಯೂ ಈ ವಿದ್ಯೆಯನ್ನು ಬಲ್ಲ ಹಿರಿಯ ಕುಶಲಕರ್ಮಿಗಳಿದ್ದಾರೆ. ಅವರನ್ನು ಗೌರವಧನ ನೀಡಿ ಬೋಧಕರಾಗಿ ಕರೆಯಬೇಕು. ಅವರ ಕೈಯಲ್ಲಿರುವ ವಿದ್ಯೆ ಬರಹಕ್ಕಿಳಿಯದೆ ಅವರೊಂದಿಗೇ ಮರೆಯಾಗಬಾರದು.

ಐದನೆಯದಾಗಿ, ಮೂಲ ತಯಾರಕರು ಕೈಬಿಟ್ಟ ಯಂತ್ರಗಳಿಗೆ ಸದಸ್ಯರು ಸ್ವತಃ ಬರೆದ ನಕ್ಷೆಗಳನ್ನು, ಕಾನೂನು ಸಲಹೆಗಾರರ ಪರಿಶೀಲನೆಯ ನಂತರ, ಮಂಡಳಿಯ ಗ್ರಂಥಾಲಯದಲ್ಲಿ ಸಂಗ್ರಹಿಸಿಡಬೇಕು. ಒಂದು ಊರಿನಲ್ಲಿ ಹಲವು ದಿನಗಳ ಶ್ರಮದಿಂದ ಬರೆದ ನಕ್ಷೆಯನ್ನು ಇನ್ನೊಂದು ಊರಿನಲ್ಲಿ ಮೊದಲಿನಿಂದ ಬರೆಯುವ ದುಂದು ತಪ್ಪುತ್ತದೆ. ನಕಲಿನ ಬಗ್ಗೆ ಸದಸ್ಯರ ನಡುವೆಯೇ ದೂರು ಬಂದಾಗ, ನ್ಯಾಯಾಲಯಕ್ಕೆ ಮುನ್ನ ಕೇಳಿ ಬಗೆಹರಿಸಲು ಮೂವರ ಸಮಿತಿಯೊಂದನ್ನೂ ನೇಮಿಸುವುದು ಒಳಿತು.

ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಆದೇಶಕ್ಕಾಗಿ ಕಾಯಬೇಕಾಗಿಲ್ಲ. ಮೊದಲ ಎರಡು ಸಲಹೆಗಳಿಗಂತೂ ಒಂದು ಕಾಗದ ಮತ್ತು ಒಂದು ನಿರ್ಣಯ ಸಾಕು. ಮುಂದಿನ ಕಾರ್ಯಕಾರಿ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಬೇಕೆಂದು, ಅಲ್ಲಿಯವರೆಗೆ ಸದಸ್ಯ ಬಾಂಧವರು ತಮ್ಮ ಕಾರ್ಖಾನೆಯಲ್ಲಿ ಯಾವ ಯಂತ್ರದ ಯಾವ ಬೋರ್ಡಿಗೆ ಬದಲಿ ಸಿಗದು ಎಂಬ ಪಟ್ಟಿಯನ್ನು ಸಿದ್ಧಪಡಿಸಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಬೋರ್ಡು ಸುಡುವ ಮುನ್ನವೇ, ಅದು ಸುಸ್ಥಿತಿಯಲ್ಲಿರುವಾಗಲೇ ನಕ್ಷೆ ಬರೆದಿಡುವುದು ಸುಲಭ. ಸುಟ್ಟು ಕರಕಲಾದ ಮೇಲೆ ಎಂತಹ ನಿಪುಣನಿಗೂ ಅದನ್ನು ಓದುವುದು ಕಷ್ಟ.